ಪ್ರಿನ್ಸ್ ಆಫ್ ಪರ್ಷಿಯಾ: ಮೈಭಾರ ಬಲ್ಲ ರಾಜಕುಮಾರ

ಮಳೆಗಾಲದಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ-ಸಿದ್ದಾಪುರದವರೆಗೆ, ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂದು ಯಾರೂ ಪಣ ಕಟ್ಟುವುದಿಲ್ಲ. ಇಂಥ ಕಡೆ ಹತ್ತಾರು ಜಿಬಿ ಇಳಿಸಿಕೊಳ್ಳಬೇಕಾದ, ಸದಾ ಇಂಟರ್‌ನೆಟ್ ಬೇಡುವ ಆಟ ತಂದರೆ ಅರ್ಧ ರಜೆ ಡೌನ್‌ಲೋಡ್ ಆಗುವುದನ್ನು ನೋಡುವುದರಲ್ಲೇ ಮುಗಿಯುತ್ತದೆ. ಒಂದೇ ಫ್ಲಾಪಿಯಲ್ಲಿ ಹಿಡಿಸುವಷ್ಟು ಚಿಕ್ಕದು, ನೆಟ್ ಕೇಳದು, ಮೂಲೆಗೆ ಹಾಕಿದ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೂ ಓಡುತ್ತದೆ, ಶುರುವಾದ 60 ನಿಮಿಷಕ್ಕೆ ಗೆಲುವೋ ಸೋಲೋ ಆಗಿ ಮುಗಿಯುತ್ತದೆ. ಅಂಥ ಆಟ 1989ರಲ್ಲೇ ಬಂದಿದೆ. ಹೆಸರು ಪ್ರಿನ್ಸ್ ಆಫ್ ಪರ್ಷಿಯಾ.

1990ರ ದಶಕದಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲೋ, ಟೈಪಿಂಗ್ ಕ್ಲಾಸಿನ ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲೋ ಕೂತವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಡೇಂಜರಸ್ ಡೇವ್ ಎಂಬ ಆಟ ಮತ್ತು ಪ್ರಿನ್ಸ್, ಇವೆರಡೂ ವಿಂಡೋಸಿಗೂ ಮೊದಲಿನ ಡಾಸ್ ವ್ಯವಸ್ಥೆಯ ಆಗಿನ ಕಂಪ್ಯೂಟರುಗಳಲ್ಲಿ ಜೋಡಿಯಾಗಿ ಇರುತ್ತಿದ್ದವು. ಆದರೆ ಬಾಲ್ಯದ ನೆನಪಿನ ತಕ್ಕಡಿಯಲ್ಲಿ ತೂಗಿದರೆ ಯಾವ ಆಟವೂ ಚೆನ್ನಾಗಿಯೇ ಕಾಣುತ್ತದೆ. ಡೇವ್ ಇವತ್ತು ಕಾಲು ಗಂಟೆಗೆ ಸಾಕೆನಿಸುತ್ತದೆ. ಪ್ರಿನ್ಸ್ ಹಾಗಲ್ಲ. ಇದನ್ನು ಮೊದಲ ಸಲ ನೋಡುವ 12 ವರ್ಷದ ಹುಡುಗಿಯನ್ನೂ ಇದು ಹಿಡಿದು ಕೂರಿಸುತ್ತದೆ. ಅದಕ್ಕೆ ಕಾರಣ ಚಿತ್ರವಲ್ಲ, ಕಥೆಯಂತೂ ಅಲ್ಲವೇ ಅಲ್ಲ. ಈ ರಾಜಕುಮಾರನಿಗೆ ಮೈಭಾರವಿದೆ.

ಹಾಗೆಂದರೇನು? ಬೇರೆ ಆಟಗಳಲ್ಲಿ ಕೀ ಒತ್ತಿದ ಕ್ಷಣ ಬೊಂಬೆ ಹಾರುತ್ತದೆ, ಗಾಳಿಯಲ್ಲೇ ಹಿಂದೆ ಮುಂದೆ ತಿರುಗುತ್ತದೆ. ಇಲ್ಲಿ ಓಟಕ್ಕೆ ಎರಡು ಹೆಜ್ಜೆಯ ಪೀಠಿಕೆ ಬೇಕು. ಓಡುವಾಗ ಕೈಬಿಟ್ಟರೆ ಜಾರಿ ನಿಲ್ಲುತ್ತಾನೆ, ಹಿಂದಿರುಗಲು ಹೇಳಿದರೆ ಮೊದಲು ಕಾಲೂರಿ ಮೈ ತಿರುಗಿಸುತ್ತಾನೆ. ಹಾರಿದ ಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಶಿರಸಿಯ ತೋಟಗಳಲ್ಲಿ ಕೊನೆಗೌಡ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಮರ ತೂಗಿ, ಅಂತರ ಅಳೆದು, ಕೈ ಚಾಚಿ ಹಿಡಿಯುವುದೆಲ್ಲ ಒಂದೇ ಉಸಿರಿನ ಕೆಲಸ, ಆದರೆ ಲೆಕ್ಕ ಮುಗಿಯದೆ ಕಾಲು ಬಿಡುವುದಿಲ್ಲ. ಈ ಆಟವೂ ಬೇಡುವುದು ಅದನ್ನೇ.

ಈ ಮೈಭಾರ ಬಂದ ದಾರಿ ಸ್ವಾರಸ್ಯದ್ದು. ಆಟ ಬರೆದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನು ಬಿಳಿ ಬಟ್ಟೆಯಲ್ಲಿ ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೊ ಮಾಡಿಕೊಂಡರು. ಆ ವಿಡಿಯೊದ ಒಂದೊಂದೇ ಚೌಕಟ್ಟಿನ ಆಕಾರ ತೆಗೆದು ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ ಆಧಾರ 1938ರ ರಾಬಿನ್ ಹುಡ್ ಚಿತ್ರದ ಒಂದು ದೃಶ್ಯ. ಸಂಗೀತ ಮೆಕ್ನರ್ ಅವರ ತಂದೆಯದು. ಅಂದರೆ ತೆರೆಯ ಮೇಲೆ ಸೆಕೆಂಡಿಗೆ ಸುಮಾರು 12 ಚಿತ್ರಗಳಂತೆ ಓಡುತ್ತಿರುವುದು ಒಬ್ಬ ನಿಜವಾದ ಹುಡುಗನ ಮೈ. ಆಪಲ್ 2ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬ್ರೋಡರ್‌ಬಂಡ್ ಕಂಪನಿ. ನಮ್ಮ ಕಡೆಯವರು ಆಡಿದ್ದು 1990ರಲ್ಲಿ ಬಂದ ಡಾಸ್ ಆವೃತ್ತಿ. ಈ ವಿಮರ್ಶೆಯೂ ಅದರದ್ದೇ.

ಕಥೆ ಮೂರು ಸಾಲಿನದು. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ಮಂತ್ರಿ ಜಾಫರ್ ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಡುತ್ತಾನೆ, ಮದುವೆಯೋ ಸಾವೋ. ನೀವು ನೆಲಮಾಳಿಗೆಯ ಸೆರೆಯಿಂದ ತಪ್ಪಿಸಿಕೊಂಡು ಗೋಪುರಕ್ಕೆ ಏರಬೇಕು. ರಾಜಕುಮಾರಿಗೆ ಇಡೀ ಆಟದಲ್ಲಿರುವ ಕೆಲಸವೆಂದರೆ ಒಂದು ಇಲಿಯನ್ನು ಕಳಿಸುವುದು ಮಾತ್ರ. ಇದು ಇವತ್ತಿನ ಹೆಣ್ಣುಮಕ್ಕಳಿಗೆ ರುಚಿಸುವುದಿಲ್ಲ, ರುಚಿಸಬೇಕಾಗಿಯೂ ಇಲ್ಲ.

ಆದರೆ ಆ ಒಂದು ಗಂಟೆ ಬರೀ ಕಥೆಯ ಮಾತಲ್ಲ. ಗಡಿಯಾರ ನಿಜವಾಗಿ ಓಡುತ್ತದೆ. ಸತ್ತರೆ ಅದೇ ಲೆವೆಲ್ಲಿನ ಮೊದಲಿಗೆ ಹೋಗುತ್ತೀರಿ. ಜೀವಗಳಿಗೆ ಲೆಕ್ಕವಿಲ್ಲ, ಎಷ್ಟು ಸಲ ಬೇಕಾದರೂ ಸಾಯಬಹುದು. ಹೋದ ನಿಮಿಷ ಮಾತ್ರ ಮರಳುವುದಿಲ್ಲ. ಆಡಲು ಇರುವ 12 ಲೆವೆಲ್ಲುಗಳಿಗೆ ಹಂಚಿದರೆ ಒಂದಕ್ಕೆ 5 ನಿಮಿಷ, ಕೊನೆಗೆ ಜಾಫರ್‌ನ ಕಿರು ಲೆವೆಲ್ಲು ಬೇರೆ. ಸ್ಪೇಸ್ ಬಾರ್ ಒತ್ತಿದರೆ ಉಳಿದ ನಿಮಿಷ ಕಾಣುತ್ತದೆ. ಮೊದಲ ಸಲ ಆಡುವವರು 3ನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತಾರೆ. ಹೆದರಬೇಕಾಗಿಲ್ಲ. ಮೊದಲ ವಾರದ ಆಟವೆಲ್ಲ ನಕ್ಷೆ ಕಲಿಯಲು ಅಂತ ಬಿಟ್ಟುಬಿಡಿ. ಗಡಿಯಾರದ ವಿರುದ್ಧ ಆಡುವುದು ಎರಡನೇ ವಾರದಿಂದ.

ಕೈ ಕೂರಿಸುವ ವಿಷಯಕ್ಕೆ ಬರೋಣ. ಹೆಚ್ಚಿನವರು ಆಟ ಬಿಡುವುದು ಇಲ್ಲೇ.

ಆಟಕ್ಕೆ ಬೇಕಾದ ಕೀಗಳು ನಾಲ್ಕು ಆರೋ ಮತ್ತು ಒಂದು ಶಿಫ್ಟ್, ಅಷ್ಟೇ. ಶಿಫ್ಟ್ ಕೀಗೆ ಸಂದರ್ಭ ನೋಡಿ ಐದು ಕೆಲಸ. ನಡೆಯುವಾಗ ಆರೋ ಜೊತೆ ಹಿಡಿದರೆ ಜೋಪಾನದ ಸಣ್ಣ ಹೆಜ್ಜೆ. ಬೀಳುವಾಗ ಹಿಡಿದರೆ ಅಂಚಿಗೆ ಕೈ ಹಾಕಿ ನೇತಾಡುತ್ತಾನೆ. ಕುಪ್ಪಿಯ ಮುಂದೆ ಒತ್ತಿದರೆ ಕುಡಿಯುತ್ತಾನೆ, ಕತ್ತಿಯ ಮುಂದೆ ಒತ್ತಿದರೆ ಎತ್ತಿಕೊಳ್ಳುತ್ತಾನೆ, ಕಾಳಗದಲ್ಲಿ ಒತ್ತಿದರೆ ಹೊಡೆಯುತ್ತಾನೆ.

ಜೋಪಾನದ ಹೆಜ್ಜೆಯನ್ನು ಕಲಿಯದವರಿಗೆ ಈ ಆಟ ಇಲ್ಲ. ಹಳ್ಳದ ಸಂಕ ದಾಟುವಾಗ ಮಳೆಯಲ್ಲಿ ಹಸಿರುಗಟ್ಟಿದ ಮರದ ಮೇಲೆ ಹೇಗೆ ಕಾಲಿಡುತ್ತೀರೋ ಹಾಗೆ. ಅಂಚಿಗೆ ಬಂದಾಗ ರಾಜಕುಮಾರ ಮೊದಲ ಸಲ ಮುಂದಿನ ಹೆಜ್ಜೆ ಇಡದೆ ಪಾದ ಚಾಚಿ ನೋಡಿ ನಿಲ್ಲುತ್ತಾನೆ. ಅದು ಎಚ್ಚರಿಕೆ. ಅದನ್ನು ಗಮನಿಸದೆ ಮತ್ತೊಮ್ಮೆ ಒತ್ತಿದರೆ ಬಿದ್ದಂತೆಯೇ. ನೆಲದಿಂದ ಏಳುವ ಈಟಿಗಳನ್ನೂ ಹೀಗೆಯೇ ದಾಟಬೇಕು. ಓಡಿ ಬಂದರೆ, ಹಾರಿ ಅವುಗಳ ಮೇಲೆ ಇಳಿದರೆ ಚುಚ್ಚಿ ಕೊಲ್ಲುತ್ತವೆ. ಶಿಫ್ಟ್ ಹಿಡಿದು ನಡೆದರೆ ಈಟಿಗಳ ನಡುವೆಯೇ ಸುಮ್ಮನೆ ಹಾದು ಹೋಗಬಹುದು. ಈ ಒಂದು ಸಂಗತಿ ಗೊತ್ತಿಲ್ಲದೆ ಲೆಕ್ಕವಿಲ್ಲದಷ್ಟು ರಾಜಕುಮಾರರು ಸತ್ತಿದ್ದಾರೆ.

ಓಡಿ ಹಾರುವುದಕ್ಕೂ ಒಂದು ಕ್ರಮವಿದೆ. ಶಿಫ್ಟ್ ಹೆಜ್ಜೆಯಲ್ಲಿ ಅಂಚಿನವರೆಗೆ ಬಂದು ಅಂತರ ನೋಡಿಕೊಳ್ಳಿ. ತಿರುಗಿ ಎರಡು ಮೂರು ಹಾಸುಗಲ್ಲಿನಷ್ಟು ಹಿಂದೆ ಹೋಗಿ, ಮತ್ತೆ ತಿರುಗಿ ಓಡಿ. ಅಂಚು ತಲುಪುವ ಸ್ವಲ್ಪ ಮೊದಲೇ ಮೇಲಿನ ಆರೋ ಒತ್ತಿ. ತಡವಾಗಿ ಒತ್ತುವುದೇ ಎಲ್ಲರ ತಪ್ಪು. ಸ್ವಲ್ಪ ಮೊದಲೇ ಒತ್ತಿದರೆ ಆಟವೇ ಒಂದಷ್ಟು ಪಿಕ್ಸೆಲ್ ಸರಿಸಿ ಪಾದವನ್ನು ಅಂಚಿಗೆ ಹೊಂದಿಸಿ ಹಾರಿಸುತ್ತದೆ. ಕಣ್ಣಿಗೆ ಕಾಣದ ಈ ಸಹಾಯ 1989ರಲ್ಲೇ ಇತ್ತು. ಹಾರಿದ ಕೂಡಲೇ ಶಿಫ್ಟ್ ಹಿಡಿದುಕೊಂಡಿರಿ, ಎದುರಿನ ಕಲ್ಲಿಗೆ ಕಾಲು ಎಟುಕದಿದ್ದರೆ ಕೈಯಾದರೂ ಎಟುಕುತ್ತದೆ.

ಬೀಳುವ ಲೆಕ್ಕ ಸರಳ. ಒಂದು ಅಂತಸ್ತು ಬಿದ್ದರೆ ಏನೂ ಇಲ್ಲ, ಎರಡಾದರೆ ಒಂದು ಜೀವಬಿಂದು ಹೋಗುತ್ತದೆ, ಮೂರಾದರೆ ಸಾವು. ಶುರುವಿನಲ್ಲಿ ಇರುವುದು 3 ಬಿಂದು. ಕೆಂಪು ಗುಳ್ಳೆಯ ಚಿಕ್ಕ ಕುಪ್ಪಿ ಹೋದ ಒಂದನ್ನು ಮರಳಿಸುತ್ತದೆ, ದೊಡ್ಡ ಕುಪ್ಪಿ ಎಲ್ಲವನ್ನೂ ತುಂಬಿ ಮೇಲೊಂದು ಶಾಶ್ವತ ಬಿಂದು ಕೊಡುತ್ತದೆ. ನೀಲಿ ಗುಳ್ಳೆ ವಿಷ. ಹಸಿರು ವಿಶೇಷ: 7ನೇ ಲೆವೆಲ್ಲಿನ ಹಸಿರು ಕುಪ್ಪಿ ಕುಡಿದರೆ ಹತ್ತಿಯ ಹಾಗೆ ತೇಲಿ ಇಳಿಯುತ್ತೀರಿ, 9ನೇ ಲೆವೆಲ್ಲಿನದು ಇಡೀ ತೆರೆಯನ್ನು ತಲೆಕೆಳಗು ಮಾಡುತ್ತದೆ.

ಕೋಣೆಗಳನ್ನು ಓದಲು ಕಲಿಯುವುದೇ ಈ ಆಟದ ಮುಕ್ಕಾಲು ಪಾಲು. ಪ್ರತಿ ತೆರೆ 10 ಕಲ್ಲು ಅಗಲ, 3 ಅಂತಸ್ತು ಎತ್ತರ. ಒಂದು ಲೆವೆಲ್ಲಿನಲ್ಲಿ ಹೆಚ್ಚೆಂದರೆ 24 ತೆರೆ. ಇಷ್ಟೇ ಜಾಗದಲ್ಲಿ ನಿಯಮಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಸಡಿಲ ಕಲ್ಲು ಯಾವುದೆಂದು ತಿಳಿಯಬೇಕೇ? ನಿಂತಲ್ಲೇ ಒಮ್ಮೆ ಮೇಲಕ್ಕೆ ಜಿಗಿಯಿರಿ, ಆ ಸಾಲಿನಲ್ಲಿರುವ ಸಡಿಲ ಕಲ್ಲು ಗಡಗಡ ಅಲುಗುತ್ತದೆ. ಅದರ ಕೆಳಗೆ ನಿಂತು ಜಿಗಿದು ಅದನ್ನು ಕೆಡವಲೂಬಹುದು. ಬಿದ್ದ ಕಲ್ಲು, ತುಳಿದರೆ ಗೇಟು ತೆರೆಯುವ ಒತ್ತುಗಲ್ಲಿನ ಮೇಲೆ ಬಿದ್ದರೆ ಅದು ಒತ್ತಿದಂತೆಯೇ ಉಳಿದು ಗೇಟು ಮತ್ತೆ ಮುಚ್ಚುವುದಿಲ್ಲ. ಇದನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ದಿನ ತಾನಾಗಿ ನಡೆಯುತ್ತದೆ, ಆಡುವವರು ಬಾಯಿ ಬಿಟ್ಟು ನೋಡುತ್ತಾರೆ, ಮರುದಿನದಿಂದ ಬೇಕೆಂದೇ ಮಾಡುತ್ತಾರೆ. ಈಗಿನ ಆಟಗಳಲ್ಲಿ ಬಾಣ ಗುರುತು, ಮಿನುಗುವ ಗೆರೆ, ಕಿವಿಯಲ್ಲಿ ಪಿಸುಗುಡುವ ಸಲಹೆಗಾರ ಎಲ್ಲ ಇರುತ್ತಾರೆ. ಮಿರ್ಜಾನ್ ಕೋಟೆಗೆ ಹೋದ ಮಕ್ಕಳು ಫಲಕ ಓದುವುದು ಬಿಟ್ಟು ನೇರ ಬಾವಿಯ ಮೆಟ್ಟಿಲು, ಗೋಡೆಯ ಸಂದಿ ಹುಡುಕಲು ಓಡುವುದಿಲ್ಲವೇ? ಅಂಥ ಮಕ್ಕಳಿಗೆ ಸಲಹೆಗಾರ ಬೇಕಾಗಿಲ್ಲ.

ಕತ್ತರಿ ಬಾಯಿಗಳು ಎಲ್ಲರನ್ನೂ ಹೆದರಿಸುತ್ತವೆ. ಮೇಲಿಂದ ಕೆಳಗಿಂದ ಕಚ್ಚಿ ಮುಚ್ಚುವ ಬ್ಲೇಡುಗಳಿವು. ಉಪಾಯ ಇಷ್ಟೇ: ಶಿಫ್ಟ್ ಹೆಜ್ಜೆಯಲ್ಲಿ ಅದರ ಬಾಯಿಯ ತುದಿಗೇ ಹೋಗಿ ನಿಲ್ಲಿ. ಒಮ್ಮೆ ಮುಚ್ಚಿ ತೆರೆಯುತ್ತಿದ್ದ ಹಾಗೆ ಒಳಗೆ ನುಗ್ಗಿ. ದೂರದಿಂದ ಓಡಿ ಬಂದು ಲೆಕ್ಕ ಹಾಕುತ್ತೇನೆ ಎನ್ನುವವರು ಎರಡು ತುಂಡಾಗುತ್ತಾರೆ, ಬ್ಲೇಡಿಗೆ ರಕ್ತವೂ ಹತ್ತುತ್ತದೆ. ಚಿಕ್ಕ ಮಕ್ಕಳ ಅಪ್ಪ-ಅಮ್ಮ ಗಮನಿಸಬೇಕಾದ್ದು ಇದೊಂದೇ. ನಾಲ್ಕೈದು ಪಿಕ್ಸೆಲ್ಲಿನ ರಕ್ತ, ಆದರೂ ರಕ್ತವೇ. ಆರು ವರ್ಷದೊಳಗಿನವರಿಗೆ ಬೇಡ.

ಇನ್ನು ಕಾಳಗ. ಕತ್ತಿಯಿಲ್ಲದೆ ಕಾವಲುಗಾರನ ಎದುರು ಹೋದರೆ ಒಂದೇ ಏಟಿಗೆ ಸಾವು. ಹಾಗಾಗಿ ಮೊದಲ ಲೆವೆಲ್ಲಿನಲ್ಲಿ ಕತ್ತಿ ಹುಡುಕದೆ ಕಾವಲುಗಾರನತ್ತ ಹೋಗಬೇಡಿ. ಕತ್ತಿ ಇದ್ದರೆ ವೈರಿ ಎದುರಾದ ಕೂಡಲೇ ತಾನೇ ಹಿರಿಯುತ್ತಾನೆ. ಶಿಫ್ಟ್ ಹೊಡೆತ, ಮೇಲಿನ ಆರೋ ತಡೆ, ಎಡ-ಬಲ ಹಿಂದೆ ಮುಂದೆ ಸರಿಯಲು, ಕೆಳಗಿನ ಆರೋ ಕತ್ತಿ ಒರೆಗೆ ಹಾಕಲು. ಗೊತ್ತಿಲ್ಲದವರು ಶಿಫ್ಟನ್ನು ಸಿಕ್ಕಾಪಟ್ಟೆ ಕುಟ್ಟುತ್ತಾರೆ, ಎರಡನೇ ಲೆವೆಲ್ಲಿನಲ್ಲೇ ಸಾಯುತ್ತಾರೆ. ಯಕ್ಷಗಾನದ ಯುದ್ಧದ ಸನ್ನಿವೇಶ ನೋಡಿದವರಿಗೆ ಗೊತ್ತು, ಹೊಡೆಯುವುದಕ್ಕಿಂತ ಎದುರಾಳಿಯ ಹೆಜ್ಜೆಗೆ ಕಾಯುವುದರಲ್ಲಿ ಕಳೆ ಇರುತ್ತದೆ. ಇಲ್ಲಿಯೂ ವೈರಿ ಕೈ ಎತ್ತಿದಾಗ ತಡೆ, ತಡೆದ ಮರುಕ್ಷಣ ಹೊಡೆತ. ಕತ್ತಿಗೆ ಕತ್ತಿ ತಾಗುವ ಆ ಲೋಹದ ಸದ್ದೇ ತಾಳ. ಸೌಂಡ್ ಆಫ್ ಮಾಡಿ ಆಡುವವರು ಅರ್ಧ ಸೋತ ಹಾಗೆ.

ಆರಂಭದ ನಾಲ್ಕು ಲೆವೆಲ್ಲುಗಳ ಕಾವಲುಗಾರರಿಗೆ ತಲಾ 3 ಬಿಂದು, 6ನೇ ಲೆವೆಲ್ಲಿನ ಡೊಳ್ಳುಹೊಟ್ಟೆಯವನಿಗೆ 5, ಜಾಫರ್‌ಗೆ 6. ಸಂಖ್ಯೆ ಏರುವುದಕ್ಕಿಂತ ಅವರ ತಡೆಯುವ ಚುರುಕು ಏರುವುದೇ ದೊಡ್ಡ ತಲೆನೋವು. ಬೆನ್ನಿಗೆ ಗುಂಡಿ ಇರುವ ವೈರಿಯನ್ನು ಕೊಲ್ಲುವುದಕ್ಕಿಂತ ಹಿಂದೆ ಒತ್ತಿ ಬೀಳಿಸುವುದು ಸುಲಭ. 3ನೇ ಲೆವೆಲ್ಲಿನ ಅಸ್ಥಿಪಂಜರಕ್ಕಂತೂ ಜೀವವೇ ಇಲ್ಲ, ಎಷ್ಟು ಚುಚ್ಚಿದರೂ ಸಾಯದು. ಅದನ್ನು ಅಂಚಿನವರೆಗೆ ಒತ್ತಿಕೊಂಡು ಹೋಗಿ ಕೆಳಗೆ ಕೆಡವುವುದೊಂದೇ ದಾರಿ.

ಈ ಆಟದ ಎದೆಬಡಿತ ಇರುವುದು 4ನೇ ಲೆವೆಲ್ಲಿನಲ್ಲಿ. ಮೊದಲ ಸಲ ಆಡುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಹೊರಬಾಗಿಲು ತೆರೆದು ಮರಳುವಾಗ, ಬಂದ ದಾರಿಯಲ್ಲೇ ಮೊದಲು ಇಲ್ಲದ ಒಂದು ಕನ್ನಡಿ ನಿಂತಿರುತ್ತದೆ. ಸುತ್ತು ದಾರಿ ಇಲ್ಲ. ಓಡಿ ಬಂದು ಅದರೊಳಗೇ ಹಾರಬೇಕು. ಹಾರಿದಾಗ ಕನ್ನಡಿಯ ಇನ್ನೊಂದು ಬದಿಯಿಂದ ನಿಮ್ಮದೇ ನೆರಳು ಹೊರಬಿದ್ದು ವಿರುದ್ಧ ದಿಕ್ಕಿಗೆ ಓಡುತ್ತದೆ, ನಿಮ್ಮಲ್ಲಿ ಉಳಿಯುವುದು ಒಂದೇ ಬಿಂದು. ಆಮೇಲೆ 5ನೇ ಲೆವೆಲ್ಲಿನಲ್ಲಿ ನೀವು ಕುಡಿಯಬೇಕಿದ್ದ ದೊಡ್ಡ ಕುಪ್ಪಿಯನ್ನು ಅದು ಕಣ್ಣೆದುರೇ ಕುಡಿದು ಹೋಗುತ್ತದೆ. 6ರಲ್ಲಿ ನೀವು ಹಾರಿ ಅಂಚು ಹಿಡಿದಾಗ ಗೇಟು ಮುಚ್ಚಿ ನಿಮ್ಮನ್ನು ಕೆಳಗೆ ಬೀಳಿಸುತ್ತದೆ. ಅಲ್ಲಿ ಬೀಳುತ್ತಿರುವಾಗಲೇ 7ನೇ ಲೆವೆಲ್ಲು ಶುರು, ಶಿಫ್ಟ್ ಮೊದಲೇ ಹಿಡಿದಿರದಿದ್ದರೆ ಲೆವೆಲ್ಲು ಶುರುವಾದ ಕ್ಷಣವೇ ಮುಗಿಯುತ್ತದೆ. 12ರಲ್ಲಿ ಅದೇ ನೆರಳು ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದ ಪ್ರತಿ ಏಟೂ ನಿಮಗೇ ಬೀಳುತ್ತದೆ.

ಉತ್ತರ: ಕೆಳಗಿನ ಆರೋ. ಕತ್ತಿ ಒರೆಗೆ ಹಾಕಿ, ಅದೂ ಹಾಕುತ್ತದೆ. ಮುಂದೆ ನಡೆದರೆ ಇಬ್ಬರೂ ಒಂದಾಗುತ್ತೀರಿ. ಇಡೀ ಆಟ ಕಲಿಸಿದ ಒಂದು ಕೀಯ ಅರ್ಥ ಇಲ್ಲಿ ತಿರುಗಿ ನಿಲ್ಲುತ್ತದೆ. ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ. ನೂರು ಕೋಟಿ ಸುರಿದ ಆಟಗಳೂ ಇಷ್ಟು ಅಚ್ಚುಕಟ್ಟಾಗಿ ಮಾತಾಡುವುದು ಕಡಿಮೆ. ತಮಾಷೆಯೆಂದರೆ ಈ ನೆರಳು ಹುಟ್ಟಿದ್ದು ಬಡತನದಿಂದ. ಆಪಲ್ 2ರ ಮೆಮರಿಯಲ್ಲಿ ಇನ್ನೊಂದು ವೈರಿಯ ಚಿತ್ರಕ್ಕೆ ಜಾಗ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ ಅದರ ಮೇಲೇ ಹೇರಿದಾಗ ಮಿನುಗುವ ನೆರಳೊಂದು ಸಿಕ್ಕಿತು, ಹೊಸ ಚಿತ್ರದ ಖರ್ಚಿಲ್ಲದೆ.

ಕೊರತೆಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. 8ನೇ ಲೆವೆಲ್ಲಿನಲ್ಲಿ ಹೊರಬಾಗಿಲು ತೆರೆದ ಮೇಲೆ ಗೇಟಿನ ಹಿಂದೆ ಸಿಕ್ಕಿಬೀಳುತ್ತೀರಿ. ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ನಿಂತು ಕಾಯಬೇಕು. ಆಗ ಇಲಿ ಬಂದು ಒತ್ತುಗಲ್ಲು ತುಳಿಯುತ್ತದೆ. ಗಡಿಯಾರ ಓಡುವ ಆಟದಲ್ಲಿ ಕಾಯುವುದೇ ಉತ್ತರ ಎಂದು ಯಾವ ಸುಳಿವೂ ಇಲ್ಲ, ಗೊತ್ತಿಲ್ಲದವರು ಆಟ ಕೆಟ್ಟಿತೆಂದು ತಿಳಿದು ಲೆವೆಲ್ಲನ್ನೇ ಮೊದಲಿನಿಂದ ಶುರು ಮಾಡುತ್ತಾರೆ. 12ರಲ್ಲಿ ನೆರಳು ಸೇರಿದ ಮೇಲೆ ಖಾಲಿ ಪ್ರಪಾತದ ಮೇಲೆ ಓಡಬೇಕು, ಓಡುತ್ತಿದ್ದ ಹಾಗೆ ಕಾಲಡಿ ಕಲ್ಲು ಮೂಡುತ್ತದೆ. ನೋಡಲು ಚೆಂದ. ಆದರೆ 11 ಲೆವೆಲ್ಲು ಅಂಚಿನಲ್ಲಿ ನಿಲ್ಲು ಎಂದು ಕಲಿಸಿ ಕೊನೆಗೆ ಓಡು ಎನ್ನುವುದು ಸ್ವಲ್ಪ ಅನ್ಯಾಯ. 10 ಮತ್ತು 11ನೇ ಲೆವೆಲ್ಲುಗಳಲ್ಲಿ ಹೊಸದೇನೂ ಇಲ್ಲ, ಅರಮನೆಯ ಅದೇ ಗೋಡೆ, ಅದೇ ಗೇಟು. ಇನ್ನು ಮೂಲ ಡಾಸ್ ಪ್ರತಿಯಲ್ಲಿ ನಕಲು ತಡೆಯಲೆಂದು ಇಟ್ಟಿದ್ದ ಅಕ್ಷರದ ಕುಪ್ಪಿಗಳ ಕೋಣೆ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಪದದ ಮೊದಲ ಅಕ್ಷರ ನೋಡಿ ಸರಿಯಾದ ಕುಪ್ಪಿ ಕುಡಿಯಬೇಕಿತ್ತು. ಕೈಪಿಡಿಯನ್ನೇ ಕಾಣದ ನಮ್ಮ ಲ್ಯಾಬುಗಳಲ್ಲಿ ಅದೊಂದು ಬಿಡಿಸಲಾಗದ ಒಗಟು.

ಈಗ ಹೇಗೆ ಹಾಕಿಕೊಳ್ಳುವುದು?

ಸುಮ್ಮನೆ ರುಚಿ ನೋಡಲು ಇಂಟರ್‌ನೆಟ್ ಆರ್ಕೈವ್ ತಾಣದ ಡಾಸ್ ಸಂಗ್ರಹದಲ್ಲಿ ಬ್ರೌಸರಿನಲ್ಲೇ ಆಡಬಹುದು. ನೆಟ್ ಬೇಕು, ಕೀಗಳು ತುಸು ತಡವಾಗಿ ಸ್ಪಂದಿಸುತ್ತವೆ. ಮೈಭಾರದ ಆಟಕ್ಕೆ ಆ ತಡ ಒಳ್ಳೆಯದಲ್ಲ. ಮೂಲ ಡಾಸ್ ಪ್ರತಿ ಕೈಯಲ್ಲಿದ್ದವರು ಈಗಿನ ಕಂಪ್ಯೂಟರಿನಲ್ಲಿ ಹಳೆಯ ಡಾಸ್ ಆಟ ಓಡಿಸುವ ತಂತ್ರಾಂಶವಾದ ಡಾಸ್‌ಬಾಕ್ಸ್ ಹಾಕಿ, ಆಟದ ಫೋಲ್ಡರನ್ನು ಸಿ ಡ್ರೈವ್ ಆಗಿ ಮೌಂಟ್ ಮಾಡಿ, ಪ್ರಿನ್ಸ್ ಎಂದು ಟೈಪಿಸಿದರೆ ಆಯಿತು. ಓಟ ಎಳೆದಂತಾದರೆ ಕಂಟ್ರೋಲ್-ಎಫ್12, ಸದ್ದು ತೊದಲಿದರೆ ಕಂಟ್ರೋಲ್-ಎಫ್11. ಇದರಲ್ಲಿ ಸೇವ್ ಮಾಡುವುದು ಕಂಟ್ರೋಲ್-ಜಿ, ಅದೂ 3ನೇ ಲೆವೆಲ್ಲಿನಿಂದ ಮುಂದೆ ಮಾತ್ರ. ಮರಳಿ ತೆರೆಯಲು ಶುರುವಿನಲ್ಲಿ ಕಂಟ್ರೋಲ್-ಎಲ್. ಸೇವ್ ಆಗುವುದು ಲೆವೆಲ್ಲಿನ ಸಂಖ್ಯೆ, ಉಳಿದ ಸಮಯ ಮತ್ತು ಬಿಂದುಗಳು ಮಾತ್ರ. ನಿಂತ ಜಾಗದಿಂದಲ್ಲ, ಲೆವೆಲ್ಲಿನ ಮೊದಲಿನಿಂದ ಶುರುವಾಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಡುವವರು ಪ್ರತಿ ಲೆವೆಲ್ಲು ಶುರುವಾದ ಕೂಡಲೇ ಕಂಟ್ರೋಲ್-ಜಿ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ಶಿಫಾರಸು ಇವೆರಡೂ ಅಲ್ಲ, ಎಸ್‌ಡಿಎಲ್‌ಪಾಪ್. ಡಾಸ್ ಆವೃತ್ತಿಯ ಒಳಗನ್ನು ಬಿಚ್ಚಿ ನೋಡಿ ಇವತ್ತಿನ ಕಂಪ್ಯೂಟರಿಗೆ ಮರಳಿ ಬರೆದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಎಫ್6 ಒತ್ತಿದರೆ ನಿಂತ ಜಾಗದಲ್ಲೇ ಸೇವ್, ಎಫ್9 ಒತ್ತಿದರೆ ಅಲ್ಲಿಗೇ ವಾಪಸ್. ಹೀಗೆ ಪದೇ ಪದೇ ವಾಪಸಾದರೆ ಗಡಿಯಾರಕ್ಕೆ ಅರ್ಥವೇನು ಎನ್ನುವವರಿಗೆ, ವಾಪಸಾದಾಗ ಒಂದು ನಿಮಿಷದವರೆಗೆ ದಂಡ ಕತ್ತರಿಸುವ ಆಯ್ಕೆಯೂ ಇದೆ. ಅದನ್ನು ಆನ್ ಮಾಡಿಯೇ ಆಡಿ. ಕುಪ್ಪಿಗಳ ಒಗಟಿನ ಕೋಣೆ ಇದರಲ್ಲಿ ಮೊದಲೇ ಮುಚ್ಚಿರುತ್ತದೆ.

ಫೋಲ್ಡರಿನಲ್ಲಿರುವ ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಎರಡು ಬದಲಾವಣೆ ಮಾಡಬಹುದು. ಒಂದು, ತೆರೆಯ ಅಳತೆಯ ಅನುಪಾತ ಸರಿಪಡಿಸುವ ಸಾಲನ್ನು ಟ್ರೂ ಮಾಡಿ. ಆಟದ ಚಿತ್ರ 320×200 ಚುಕ್ಕೆಯದು, ಆದರೆ ಅದನ್ನು ಬರೆದದ್ದು 4:3 ಅಳತೆಯ ಹಳೆಯ ಮಾನಿಟರಿಗೆ. ಅಲ್ಲಿ ಪ್ರತಿ ಚುಕ್ಕೆಯೂ ಅಗಲಕ್ಕಿಂತ ತುಸು ಎತ್ತರ. ಸರಿಪಡಿಸದಿದ್ದರೆ ರಾಜಕುಮಾರ ಕುಳ್ಳಗಾಗಿ ಕಾಣುತ್ತಾನೆ. ಎರಡು, ಮಕ್ಕಳಿಗಾಗಿ ಕಸ್ಟಮ್ ಆಯ್ಕೆಗಳ ವಿಭಾಗವನ್ನು ಆನ್ ಮಾಡಿ ಶುರುವಿನ ನಿಮಿಷವನ್ನು 60ರಿಂದ 120ಕ್ಕೆ ಏರಿಸಿ. ಆ ವಿಭಾಗ ಆನ್ ಮಾಡದೆ ಬರೀ ಸಂಖ್ಯೆ ಬದಲಾಯಿಸಿದರೆ ಏನೂ ಆಗದು, ಇದೇ ಎಲ್ಲರೂ ಎಡವುವ ಜಾಗ. ಪ್ರಿನ್ಸ್ ಜೊತೆ ಮೆಗಾಹಿಟ್ ಎಂಬ ಪದ ಸೇರಿಸಿ ಶುರು ಮಾಡುವ ಹಳೆಯ ಕಳ್ಳದಾರಿ ಇದರಲ್ಲೂ ತೆರೆದಿದೆ. ಶಿಫ್ಟ್-ಎಲ್ ಒತ್ತಿದರೆ ಮುಂದಿನ ಲೆವೆಲ್ಲು, ಶಿಫ್ಟ್-ಟಿ ಒತ್ತಿದರೆ ಹೊಸ ಬಿಂದು, ಕೆ ಒತ್ತಿದರೆ ಎದುರಿನ ಕಾವಲುಗಾರ ಬಿದ್ದ. ಒಂದು ಕಷ್ಟದ ಕೋಣೆಯನ್ನು ಬಿಡಿಯಾಗಿ ಅಭ್ಯಾಸ ಮಾಡಲು ಇದು ಒಳ್ಳೆಯದು. ಆಟ ಮುಗಿಸಿದೆ ಎಂದು ಹೇಳಿಕೊಳ್ಳಲು ಅಲ್ಲ.

ಆಟ ಹಾಕಿದ ಮೇಲೆ ತೊಂದರೆ ಕೊಡುವುದು ಹೆಚ್ಚಾಗಿ ಕೀಬೋರ್ಡು. ಮೊದಲನೆಯದಾಗಿ, ವಿಂಡೋಸಿನಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಎಂಬ ಕಿಟಕಿ ಹಾರಿ ಬರುತ್ತದೆ. ಕಾಳಗದ ನಡುವೆ ಶಿಫ್ಟ್ ಐದು ಸಲ ಒತ್ತದವರು ಯಾರು? ಸೆಟ್ಟಿಂಗಿನ ಅಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಕೀಬೋರ್ಡ್ ಕೆಳಗೆ ಆ ಶಾರ್ಟ್‌ಕಟ್ಟನ್ನು ಮೊದಲೇ ಆಫ್ ಮಾಡಿ. ಎರಡನೆಯದು, ಅಗ್ಗದ ಕೆಲವು ಕೀಬೋರ್ಡುಗಳು ಮೂರು ಕೀಗಳನ್ನು ಒಟ್ಟಿಗೆ ಗುರುತಿಸುವುದಿಲ್ಲ. ಬಲ ಆರೋ, ಮೇಲಿನ ಆರೋ, ಶಿಫ್ಟ್ ಒಟ್ಟಿಗೆ ಹಿಡಿದು ಹಾರಿ ನೋಡಿ. ಅಂಚು ಎದುರಿಗಿದ್ದರೂ ಕೈ ಹಿಡಿಯದಿದ್ದರೆ ತಪ್ಪು ನಿಮ್ಮದಲ್ಲ. ಇನ್ನೊಂದು ಬದಿಯ ಶಿಫ್ಟ್ ಬಳಸಿ ನೋಡಿ, ಇಲ್ಲವಾದರೆ ಗೇಮ್‌ಪ್ಯಾಡ್ ಜೋಡಿಸಿ, ಎಸ್‌ಡಿಎಲ್‌ಪಾಪ್ ಅದನ್ನು ಗುರುತಿಸುತ್ತದೆ. ಮೂರನೆಯದು ನಮ್ಮ ಕಡಲ ಕೊಡುಗೆ. ಉಪ್ಪುಗಾಳಿ, ಥಂಡಿ ಸೇರಿ ಅಂಕೋಲಾ-ಕುಮಟಾ ಕಡೆಯ ಹಳೆ ಕೀಬೋರ್ಡುಗಳಲ್ಲಿ ಕೀ ಒಮ್ಮೆ ಒತ್ತಿದರೆ ಎರಡು ಸಲ ಬೀಳುವುದು, ಇಲ್ಲವೇ ಒತ್ತಿದ್ದೇ ತಿಳಿಯದಿರುವುದು ಸಾಮಾನ್ಯ. ಬೇರೆ ಕೆಲಸದಲ್ಲಿ ಗೊತ್ತಾಗುವುದಿಲ್ಲ. ಆದರೆ ಅಂಚಿನಲ್ಲಿ ನಿಂತಾಗ ಶಿಫ್ಟ್ ಹೆಜ್ಜೆ ಎರಡು ಸಲ ಬಿದ್ದರೆ ರಾಜಕುಮಾರ ನೇರ ಪ್ರಪಾತಕ್ಕೆ. ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಅಕ್ಷರ ಟೈಪಿಸಿ, ಆರೋ ಒಂದೊಂದೇ ಒತ್ತಿ ಕರ್ಸರ್ ಒಂದೊಂದೇ ಅಕ್ಷರ ಸರಿಯುತ್ತದೆಯೇ ನೋಡಿ. ಸರಿಯದಿದ್ದರೆ ಹೊಸ ಯುಎಸ್‌ಬಿ ಕೀಬೋರ್ಡು ತರುವುದೇ ಲೇಸು.

ಮೊಬೈಲಿನಲ್ಲಿ ಬೇಡ. ಗಾಜಿನ ಮೇಲೆ ಬೆರಳಿಗೆ ಅಂಚು ಸಿಗುವುದಿಲ್ಲ.

ಇದೇ ಹೆಸರಿನ ಹೊಸ ಆಟಗಳ ಬಗ್ಗೆ ಎರಡು ಮಾತು. 2003ರ ಸ್ಯಾಂಡ್ಸ್ ಆಫ್ ಟೈಮ್ ಕಾಲವನ್ನು ಹಿಂದಕ್ಕೆ ತಿರುಗಿಸುವ ಉಪಾಯ ಕೊಟ್ಟಿತು, ಚೆನ್ನಾಗಿದೆ. 2024ರ ದಿ ಲಾಸ್ಟ್ ಕ್ರೌನ್ ಪಕ್ಕದಿಂದ ನೋಡುವ ಆಟಕ್ಕೆ ಮರಳಿತು, ಅದೂ ಚೆನ್ನಾಗಿದೆ. ಎರಡರಲ್ಲೂ ನಾಯಕ ಗಾಳಿಯಲ್ಲಿ ಹಗುರ. ಅವನ್ನು ಆಡಿ ಬಂದ ಮಕ್ಕಳು ಹಳೆಯದನ್ನು ಹಿಡಿದಾಗ ಮೊದಲು ಹೇಳುವ ಮಾತು, ಇದು ಲ್ಯಾಗ್ ಆಗುತ್ತಿದೆ ಅಂತ. ಲ್ಯಾಗ್ ಅಲ್ಲ, ಅವನು ಕಾಲೂರುತ್ತಿದ್ದಾನೆ ಎಂದು ಹೇಳಿ. ಅರ್ಧ ಗಂಟೆ ಕೊಡಿ, ಬೆರಳು ತಾನಾಗಿ ಒಂದು ಕ್ಷಣ ಮೊದಲೇ ಒತ್ತಲು ಕಲಿಯುತ್ತದೆ.

ಪ್ರೋಗ್ರಾಮಿಂಗ್ ಕಲಿಯುವ ಕಾಲೇಜು ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇನ್ನೊಂದು ಕಜ್ಜಾಯವಿದೆ. ಕಳೆದುಹೋಯಿತೆಂದೇ ತಿಳಿದಿದ್ದ ಮೂಲ ಆಪಲ್ 2 ಸೋರ್ಸ್ ಕೋಡ್ ಇದ್ದ ಫ್ಲಾಪಿಗಳು ಮೆಕ್ನರ್ ಅವರ ತಂದೆಗೆ ಸಿಕ್ಕವು. 2012ರಲ್ಲಿ ಅದನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದು 6502 ಅಸೆಂಬ್ಲಿ, ಓದಲು ಸುಲಭವಲ್ಲ. ಎಸ್‌ಡಿಎಲ್‌ಪಾಪ್ ಇರುವುದು ಸಿ ಭಾಷೆಯಲ್ಲಿ. ಮೊದಲು ಅದನ್ನು ತೆರೆದು, ಓಡುತ್ತಾ ಹಾರುವಾಗ ಪಾದವನ್ನು ಅಂಚಿಗೆ ಹೊಂದಿಸುವ ಸಾಲುಗಳನ್ನು ಹುಡುಕಲು ಹೇಳಿ.

ಮುಗಿಸುವವರಿಗೆ ಕೊನೆಯ ಸೂಚನೆ. ಜಾಫರ್ ಬಿದ್ದ ಕ್ಷಣ ಗಡಿಯಾರ ನಿಲ್ಲುತ್ತದೆ, ಆದರೆ ಬಾಗಿಲವರೆಗೆ ನಡೆದು ಹೋಗುವುದು ಇನ್ನೂ ಬಾಕಿ ಇರುತ್ತದೆ. ಖುಷಿಯಲ್ಲಿ ಓಡಿ ಗುಂಡಿಗೆ ಬೀಳಬೇಡಿ, ಬಿದ್ದರೆ ಮತ್ತೆ ಜಾಫರ್‌ನಿಂದಲೇ ಶುರು. ಆಮೇಲೆ ಹೆಸರು ಬರೆಯುವ ಪಟ್ಟಿ ಬರುತ್ತದೆ, ಉಳಿದ ಸಮಯದ ಲೆಕ್ಕದಲ್ಲಿ 6 ಹೆಸರಿಗೆ ಮಾತ್ರ ಜಾಗ. ಅದು ಉಳಿಯುವುದು ಆಟದ ಫೋಲ್ಡರಿನಲ್ಲೇ ಇರುವ ಎಚ್‌ಒಎಫ್ ಎಂದು ಹೆಸರು ಮುಗಿಯುವ ಚಿಕ್ಕ ಫೈಲಿನಲ್ಲಿ. ಚೌತಿಗೆ ಅಕ್ಕ-ತಂಗಿ, ಅಣ್ಣ-ತಮ್ಮಂದಿರ ಮಕ್ಕಳೆಲ್ಲ ಒಂದೇ ಮನೆಗೆ ಬಂದು ಸೇರುವ ಮೊದಲು ಆ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಏಳನೆಯವನು ಬಂದು ಪಟ್ಟಿ ಅಳಿಸುವ ದಾರಿ ಕಂಡುಹಿಡಿಯಲು ತಡವಾಗುವುದಿಲ್ಲ.